ಗಂಜಿ ಆರುವ ಮೊದಲು ಒಂದು ಆಮೆನ್

ಪ್ರಾರ್ಥನೆ ಮುಗಿಸುವ ಆಮೆನ್ ಎನ್ನುವ ಮಾತನ್ನು ಯಾರು, ಯಾವಾಗ, ಎಷ್ಟು ಗಟ್ಟಿಯಾಗಿ ಹೇಳಬಹುದು ಎಂಬುದರ ಬಗ್ಗೆ ನಮ್ಮ ಸಭೆಯಲ್ಲಿ ಯಾವ ಕಾಯಿದೆಯೂ ಇರಲಿಲ್ಲ. ನನ್ನ ಸೋದರತ್ತೆ ಒಂದು ಬೆಳಿಗ್ಗೆ ಅದನ್ನು ನಡುಬೀದಿಯಲ್ಲಿ ಹೇಳಿದ ಮೇಲೆ ಕಾಯಿದೆ ಹುಟ್ಟಿತು. ಇಷ್ಟು ವರ್ಷಗಳಾದರೂ ಅದನ್ನು ನೆನೆದರೆ ನನ್ನ ಮೈ ಉರಿಯುತ್ತದೆ. ವಯಸ್ಸಾದಂತೆ ಕೋಪ ತಣಿಯುತ್ತದೆ ಎಂದು ತಿಳಿದವರು ಹೇಳುತ್ತಾರೆ. ನನ್ನದು ತಣಿದಿಲ್ಲ, ತಣಿಯಲಿ ಎಂದು ನಾನು ಕೇಳಿಕೊಂಡೂ ಇಲ್ಲ.

ಎಂಬತ್ತರ ದಶಕದ ನಡುಭಾಗ. ನಾನು ಕೊಯಮತ್ತೂರಿನ ಗಾಂಧಿಪುರಂನ ಒಂದು ನೂಲಿನ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ಶನಿವಾರ ಸಂಜೆ ಬಸ್ಸು ಹತ್ತಿ ಕಾರಮಡೈ ಕಡೆಯ ಅತ್ತೆಯ ಮನೆಗೆ ಹೋದರೆ ಭಾನುವಾರದ ಆರಾಧನೆ ಮುಗಿಸಿ ಹಿಂತಿರುಗುವುದು, ರಜೆ ಸಿಕ್ಕರೆ ಇನ್ನೊಂದು ದಿನ ಉಳಿಯುವುದು ನನ್ನ ಪದ್ಧತಿ. ಅದು ನೇಕಾರರ ಬೀದಿ. ಎಲ್ಲರೂ ಯಾವುದೋ ಕಾಲದಲ್ಲಿ ಮೈಸೂರಿನ ಕಡೆಯಿಂದ ಇಳಿದು ಬಂದವರು. ಮನೆಯೊಳಗೆ ಕನ್ನಡ, ಹೊಸಲು ದಾಟಿದರೆ ತಮಿಳು. ನನ್ನ ಅಪ್ಪ ಕೊಳ್ಳೇಗಾಲದಲ್ಲಿ ರೇಷ್ಮೆ ಕೆಲಸಕ್ಕಿದ್ದಾಗ ನಾನು ಅಲ್ಲಿ ಶಾಲೆಗೆ ಹೋದದ್ದರಿಂದ ನನಗೆ ಕನ್ನಡ ಅಕ್ಷರ ಬಂತು. ಬೀದಿಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ, ಅದರಿಂದ ಯಾರಿಗೂ ತೊಂದರೆಯೂ ಆಗಿರಲಿಲ್ಲ.

ಬೀದಿಯಲ್ಲಿ ಕ್ರಿಸ್ತನನ್ನು ನಂಬಿದ ಮನೆಗಳು ಬೆರಳೆಣಿಕೆಯವು. ಅಜ್ಜ ಒಂದು ಜ್ವರದ ವರ್ಷ ಮಿಷನ್ ಆಸ್ಪತ್ರೆಯಲ್ಲಿ ಬದುಕಿ ಉಳಿದು, ಆ ಉಳಿವನ್ನು ಕ್ರಿಸ್ತನ ಲೆಕ್ಕಕ್ಕೇ ಹಾಕಿ ಬಂದವನು. ಅತ್ತೆ ಅವನ ಮಗಳು. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು, ತವರಿನ ಮಗ್ಗದ ಗುಂಡಿಗೇ ಮರಳಿ ಇಳಿದವಳು. ಅವಳ ಭಕ್ತಿ ನೋಡುವುದಕ್ಕೆ ಏನೂ ಚೆನ್ನಾಗಿರಲಿಲ್ಲ. ಮೊಣಕಾಲೂರಿ ಕಣ್ಣೀರು ಸುರಿಸುವ ಅಭ್ಯಾಸವಿಲ್ಲ. ಬೆಳಕು ಹರಿಯುವ ಮುಂಚೆ ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ಮನೆಗೆ ಬಂದು ಕೂತ ನೆಂಟನೊಡನೆ ಮಾತಾಡುವಂತೆ ಶುರುಮಾಡುವಳು: ‘ಏನು ಸ್ವಾಮಿ, ನಿನ್ನೆ ಕೇಳಿದ್ದು ನೆಪ್ಪೈತಾ? ಎದುರುಮನೆ ಸೊಸೆಗೆ ಹೆರಿಗೆ ಕಷ್ಟ ಅಂತಾರೆ, ನೋಡ್ಕೋ. ನನ್ನ ಸೊಂಟದ ಸುದ್ದಿ ಆಮೇಲೆ.’ ಲಾಳಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡುವಷ್ಟರಲ್ಲಿ ಒಂದು ವಾಕ್ಯ, ವಾಪಸು ಬರುವಷ್ಟರಲ್ಲಿ ಇನ್ನೊಂದು. ದಿನವಿಡೀ ಹೀಗೇ. ಕಣ್ಣು ಮುಚ್ಚಿದ್ದನ್ನು ನಾನು ಕಂಡಿಲ್ಲ. ಮುಚ್ಚಿದರೆ ನೂಲು ಕಡಿದದ್ದು ಕಾಣುವುದಿಲ್ಲವಲ್ಲ.

ಇನ್ನು ನಮ್ಮ ಸಭೆಯ ಹಿರಿಯರು; ಹಾಗೆಂದರೆ ಒಬ್ಬರೇ, ಸಭೆಯನ್ನು ನಡೆಸುವವರು. ತಿಂಗಳಿಗೊಮ್ಮೆ ಕೊಯಮತ್ತೂರಿನಿಂದ ಬಸ್ಸಿನಲ್ಲಿ ಪಾದ್ರಿಗಳು ಬಂದು ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಆರಾಧನೆ ನಡೆಸುತ್ತಿದ್ದರು. ಉಳಿದ ದಿನಗಳಲ್ಲಿ ದೇವರ ರಾಜ್ಯದ ಆಡಳಿತ ಹಿರಿಯರ ಕೈಯಲ್ಲಿ. ಅದೇ ಬೀದಿಯಲ್ಲಿ ಹುಟ್ಟಿ, ಚಿಕ್ಕವರಿದ್ದಾಗ ನೂಲೆಳೆದು, ಆಮೇಲೆ ಮಿಲ್ಲಿನಲ್ಲಿ ಮೇಸ್ತ್ರಿಯಾಗಿ ನಿವೃತ್ತರಾದವರು. ಮಿಲ್ಲಿನಲ್ಲಿ ಕೂಗುವುದಕ್ಕೆ ಕಲಿತಿದ್ದ ಕಂಠ ನಿವೃತ್ತಿಯಾಗಲು ಒಪ್ಪದೆ ಪ್ರಾರ್ಥನೆಗೆ ಬಂದು ಸೇರಿತ್ತು. ಮನೆಯಲ್ಲಿ ಅವರದೂ ನಮ್ಮದೇ ಕನ್ನಡ. ದೇವರ ಹತ್ತಿರ ಮಾತ್ರ ಎತ್ತರದ ತಮಿಳು. ಆ ಪ್ರಾರ್ಥನೆ ಒಮ್ಮೆ ಹೊರಟರೆ ಸೃಷ್ಟಿಯ ಮೊದಲ ದಿನದಿಂದ ಹೊರಟು ಎಲ್ಲ ನಿಲ್ದಾಣಗಳಲ್ಲೂ ನಿಂತು ಬರುವ ಗಾಡಿ. ಮಧ್ಯದಲ್ಲಿ ಇಳಿಯುವವರಿಗೆ ಅವಕಾಶವಿಲ್ಲ.

ಈಗ ಹಾಸಿನ ವಿಷಯ ಹೇಳಬೇಕು. ಮಗ್ಗಕ್ಕೆ ಏರಿಸುವ ಮೊದಲು ಉದ್ದದ ನೂಲನ್ನೆಲ್ಲ, ಅದೇ ಹಾಸು, ಬೀದಿಯುದ್ದಕ್ಕೂ ಕವೆಗೋಲುಗಳ ಮೇಲೆ ಎಳೆದು ಕಟ್ಟಿ, ಗಂಜಿ ಹಾಕಿ, ಉದ್ದನೆಯ ಬೇರಿನ ಕುಂಚಗಳಿಂದ ಈ ತುದಿಯಿಂದ ಆ ತುದಿಗೆ ಉಜ್ಜುತ್ತ ಓಡಾಡಬೇಕು. ಗಂಜಿ ಪೂರ್ತಿ ಆರುವವರೆಗೆ ಕುಂಚ ನಿಲ್ಲಬಾರದು. ನಿಂತರೆ ನೂಲಿಗೆ ನೂಲು ಅಂಟಿಕೊಂಡು ಹಾಸು ಹಪ್ಪಳವಾಗುತ್ತದೆ. ಬಿಸಿಲೇರುವ ಮೊದಲು ಮುಗಿಯಬೇಕಾದ ಕೆಲಸ, ಒಂದು ಮನೆಯವರಿಂದ ಆಗುವುದಿಲ್ಲ. ಆದ್ದರಿಂದ ಇವತ್ತು ನಿಮ್ಮ ಹಾಸಿನ ಕೆಲಸಕ್ಕೆ ನಾವು, ನಾಳೆ ನಮ್ಮದಕ್ಕೆ ನೀವು ಎಂದು ಬೀದಿಯೇ ಎದ್ದು ಬರುತ್ತಿತ್ತು. ಅದಕ್ಕೆ ಕರೆಯುವ ಪದ್ಧತಿಯೂ ಇರಲಿಲ್ಲ. ಕವೆಗೋಲು ನೆಡುವ ಸದ್ದು ಕೇಳಿದರೆ ಸಾಕು.

ಬೀದಿಯವರು ಶುರುಮಾಡುವ ಮೊದಲು ಅಮ್ಮನವರ ಹೆಸರಿನಲ್ಲಿ ಕರ್ಪೂರ ಹಚ್ಚಿ ಕಾಯಿ ಒಡೆಯುವರು. ಅಷ್ಟು ಹೊತ್ತು ಅತ್ತೆ ತನ್ನ ಜಗಲಿಯ ಮೇಲೆ ಕೂತಿರುವಳು. ಕರ್ಪೂರ ಆರಿದ ಮೇಲೆ ಎದುರುಮನೆಯ ಮುದುಕ, ಬೀದಿಗೆಲ್ಲ ಕುಂಚ ಹಿಡಿಯುವುದರಲ್ಲಿ ದೊಡ್ಡವನು, ಕೂಗುವನು: ‘ಅಕ್ಕಾ, ನಮ್ಮದಾಯ್ತು, ಬಾ!’ ಅತ್ತೆ ಇಳಿದು ಹೋಗಿ ತನ್ನ ತುದಿ ಹಿಡಿಯುವಳು. ಅತ್ತೆಯ ಹಾಸಿನ ದಿನ ಅದೇ ಮುದುಕ ಕುಂಚವನ್ನು ಕಂಕುಳಲ್ಲಿ ಇಟ್ಟುಕೊಂಡು ದೂರ ನಿಂತು ಕೇಳುವನು: ‘ನಿನ್ನ ಸ್ವಾಮಿಗೆ ಯೋಳ್ಬಿಟ್ಯಾ? ಶುರು ಮಾಡ್ಲಾ?’ ಹಬ್ಬದಲ್ಲಿ ಅವನ ಮನೆಯಿಂದ ಬರುವ ತಿಂಡಿ ನೈವೇದ್ಯಕ್ಕೆ ಇಡುವ ಮುಂಚೆಯೇ ಬೇರೆ ತೆಗೆದದ್ದು. ಅತ್ತೆ ತಿನ್ನಬೇಕಲ್ಲ ಎಂದು. ಯಾವ ಸಭೆ ಸೇರಿಯೂ ಮಾಡಿದ ತೀರ್ಮಾನವಲ್ಲ ಇದು.

ಇಂಥ ಅನಾಚಾರ ನಡೆಯುತ್ತಿರುವುದು ಹಿರಿಯರ ಕಣ್ಣಿಗೆ ನಿವೃತ್ತಿಯಾದ ಮೇಲೆ ಬಿತ್ತು. ಒಂದು ಭಾನುವಾರ ಆರಾಧನೆ ಮುಗಿದ ಕೂಡಲೇ ಹೆಂಡತಿಯನ್ನೂ ಕರೆದುಕೊಂಡು ಅತ್ತೆಯ ಜಗಲಿಗೆ ಬಂದರು. ಆ ಹೆಂಗಸು ಅತ್ತೆಯ ಜೊತೆ ಆಡಿ ಬೆಳೆದವಳು, ಈಗ ಗಂಡನ ಹಿಂದೆ ಒಂದು ಹೆಜ್ಜೆ ಬಿಟ್ಟು ನಿಲ್ಲುವವಳು. ಬಹಳ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಆ ಮನೆಯಲ್ಲಿ ಮಾತಿಗೆ ಜಾಗ ಉಳಿಯುತ್ತಿರಲಿಲ್ಲ.

‘ಅಕ್ಕಾ, ಅವರು ಕರ್ಪೂರ ಅಚ್ಚೋ ಕಡೆ ನೀವು ನಿಲ್ಲೋದು ನಮ್ಮ ನಂಬಿಕೆ ಸಾಕ್ಷಿಗೆ ಕೆಡುಕು,’ ಎಂದರು ಹಿರಿಯರು.

‘ನಾನೆಲ್ಲಿ ನಿಲ್ತೀನಿ? ಜಗಲಿ ಮೇಲೆ ಕೂತಿರ್ತೀನಿ.’

‘ಒಗೆ ಬರುತ್ತಲ್ಲ?’

‘ಒಗೆ ನಿಮ್ಮ ಬಾಯಿಂದಾನೂ ಬರುತ್ತೆ. ಬೀಡಿ ಬಿಟ್ರಾ?’

ಹಿರಿಯರ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹಿರಿಯರು ಆ ಪ್ರಶ್ನೆಯನ್ನು ಕ್ರೈಸ್ತ ಸಹನೆಯಿಂದ ದಾಟಿ, ಇನ್ನು ಮುಂದೆ ವಿಶ್ವಾಸಿಗಳ ಹಾಸನ್ನು ವಿಶ್ವಾಸಿಗಳೇ ಎಳೆಯತಕ್ಕದ್ದೆಂದು ಸಾರಿದರು. ಮುಂದಿನ ಹಾಸಿನ ದಿನ ಸಭೆಯ ಗಂಡಸರೇ ಬರುವರು, ಬೀದಿಯವರ ಹಂಗು ಬೇಡ. ಅತ್ತೆ ಎಲೆಯಡಿಕೆ ಅಗಿಯುತ್ತ, ‘ಬರೋ ಕೈನ ಬೇಡ ಅನ್ನಕ್ಕಾಗುತ್ತಾ? ಬನ್ನಿ. ನೇರಕ್ಕೆ ಬಂದ್ಬಿಡಿ,’ ಎಂದಳು. ನೇರ ಎಂದರೆ ಹೊತ್ತು. ಅವಳು ಇಟ್ಟ ಷರತ್ತು ಅದೊಂದೇ. ಎದುರುಮನೆಯ ಮುದುಕನಿಗೆ ತಾನೇ ಹೋಗಿ ಹೇಳಿ ಬಂದಳು. ಅವನು, ‘ಆಗ್ಲಕ್ಕಾ, ನಂಗೂ ಒಂದಿನ ಕೂತ್ಕೊಂಡು ನೋಡೋ ಆಸೆ,’ ಎಂದನಂತೆ.

ಆ ಬೆಳಿಗ್ಗೆ ನಾನೂ ಇದ್ದೆ. ಸಭೆಯ ಗಂಡಸರು ಹೊತ್ತಿಗೆ ಸರಿಯಾಗಿ ಬಂದರು. ಎಲ್ಲರೂ ನೇಕಾರರ ಮಕ್ಕಳೇ. ಮಿಲ್ಲಿಗೋ ಅಂಗಡಿಗೋ ಹೋಗುತ್ತಿದ್ದರೂ ಹಾಸು ಎಳೆಯುವುದು ಮರೆತಿರಲಿಲ್ಲ. ಹಿರಿಯರ ಹೆಂಡತಿ ಒಂದು ಕವೆಗೋಲು ಹಿಡಿದಳು, ನಾನು ಇನ್ನೊಂದು. ಹಿರಿಯರು ಮಾತ್ರ ಬಂದಿರಲಿಲ್ಲ, ಕ್ಷೌರವಾಗುತ್ತಿತ್ತು. ಅತ್ತೆ ಸ್ವಲ್ಪ ಹೊತ್ತು ಕಾದು, ಬಾನು ನೋಡಿ, ‘ಸ್ವಾಮಿ, ನೂಲು ನಿಂದು, ಕೈ ನಿಂದು, ಗಾಳಿ ಮಾತ್ರ ಬೀಸ್ದಂಗೆ ಇಡ್ಕೋ,’ ಎಂದು ಹೇಳಿ ಗಂಜಿ ಎರಚಿಸಿದಳು. ಕುಂಚಗಳು ಹೊರಟವು. ಕೆಲಸ ಚೆನ್ನಾಗಿಯೇ ಸಾಗಿತ್ತು. ಎದುರು ಜಗಲಿಯ ಮುದುಕನ ಮುಖದಲ್ಲಿ ನಿರಾಸೆ ಕೂಡ ಕಾಣುತ್ತಿತ್ತು.

ಆಗ ಹಿರಿಯರು ಬಂದರು. ಮಡಿಸಿದ ಗೆರೆ ಮುರಿಯದ ಬಿಳಿ ವೇಷ್ಟಿ, ಕಂಕುಳಲ್ಲಿ ಬೈಬಲ್. ಬೀದಿಯ ನಡುವೆ ನಿಂತು ಬಲಗೈ ಎತ್ತಿದರು.

‘ಜೆಬ ಆಯ್ತಾ?’ ಜೆಬ ಎಂದರೆ ಪ್ರಾರ್ಥನೆ.

‘ಆಯ್ತು,’ ಎಂದಳು ಅತ್ತೆ.

‘ಯಾರು ಮಾಡಿದ್ದು?’

‘ನಾನೇ.’

‘ಅದಲ್ಲ,’ ಎಂದು ಹಿರಿಯರು ಕಣ್ಣು ಮುಚ್ಚಿಕೊಂಡು ಆರಂಭಿಸಿಯೇಬಿಟ್ಟರು.

ಕುಂಚಗಳು ನಿಂತವು. ನಿಲ್ಲಬಾರದೆಂದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಬಾಲ್ಯವನ್ನೆಲ್ಲ ಅದೇ ಬೀದಿಯಲ್ಲಿ ಕುಂಚದ ಹಿಂದೆ ಓಡಿ ಕಳೆದ ಹಿರಿಯರಿಗೇ ಗೊತ್ತಿತ್ತು. ಆದರೆ ಪ್ರಾರ್ಥನೆ ನಡೆಯುವಾಗ ಅಲುಗಾಡುವುದುಂಟೇ? ಗಂಡಸರು ಕುಂಚವನ್ನು ಎದೆಗೊತ್ತಿಕೊಂಡು ತಲೆ ತಗ್ಗಿಸಿದರು. ಹಿರಿಯರು ಬೆಳಕನ್ನು ಕತ್ತಲೆಯಿಂದ ಬೇರ್ಪಡಿಸಿದರು. ಭೂಮಿಯನ್ನೂ ಸಮುದ್ರವನ್ನೂ ಮಾಡಿದರು. ಜಲಪ್ರಳಯವನ್ನು ಆದಷ್ಟು ವಿಸ್ತಾರವಾಗಿ ತಂದರು; ಆ ನೀರಿನಲ್ಲಿ ಒಂದು ಬಿಂದಿಗೆ ನಮ್ಮ ಹಾಸಿನ ಮೇಲೆ ಬಿದ್ದಿದ್ದರೂ ಉಪಕಾರವಾಗುತ್ತಿತ್ತು. ನಾನು ಕಣ್ಣು ತೆರೆದು ನೋಡಿದೆ. ಎಲ್ಲರ ಕಣ್ಣೂ ತೆರೆದೇ ಇದ್ದವು. ಎಲ್ಲವೂ ನೂಲಿನ ಮೇಲೆ. ಪೂರ್ವದ ಮಾಡಿನ ಮೇಲಿಂದ ಬಿಸಿಲು ಇಳಿದು ಹಾಸಿನ ತುದಿಗೆ ತಾಕಿತ್ತು. ಒದ್ದೆಯ ಹೊಳಪು ಹೋಗಿ ನೂಲು ಸಪ್ಪಗೆ ಬೆಳ್ಳಗಾಗುತ್ತ ಬರುತ್ತಿತ್ತು.

ಎದುರುಮನೆಯ ಮುದುಕ ಜಗಲಿಯಿಂದ ಎದ್ದು ನಿಂತಿದ್ದ. ಮುಷ್ಟಿ ಬಿಗಿದಿತ್ತು. ಆದರೆ ಬೇರೆಯವರು ತಮ್ಮ ದೇವರ ಹತ್ತಿರ ಮಾತಾಡುವಾಗ ನಡುವೆ ಹೋಗಬಾರದೆಂಬ ಮರ್ಯಾದೆ ಅವನನ್ನು ಜಗಲಿಯ ಅಂಚಿನಲ್ಲೇ ತಡೆದಿತ್ತು. ಆ ಮರ್ಯಾದೆಯ ಒಂದು ಚೂರು ನಮ್ಮ ಹಿರಿಯರಿಗೆ ಅತ್ತೆಯ ಒಂದು ಸಾಲಿನ ಪ್ರಾರ್ಥನೆಯ ಮೇಲೆ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಹಿರಿಯರು ಇಸ್ರಾಯೇಲ್ಯರನ್ನು ಐಗುಪ್ತ ದೇಶದ ದಾಸ್ಯದಿಂದ ಹೊರಡಿಸಿ ಮರುಭೂಮಿಯ ಅಂಚಿಗೆ ತಂದು ನಿಲ್ಲಿಸಿ ಉಸಿರೆಳೆದುಕೊಂಡರು. ಮುಂದೆ ಬಹಳ ವರ್ಷಗಳ ಅಲೆದಾಟವಿದೆ ಎಂದು ಎಲ್ಲರಿಗೂ ಗೊತ್ತು. ಆ ಉಸಿರಿನ ಸಂದಿನಲ್ಲಿ ಅತ್ತೆ, ತಪ್ಪಿಸಿಕೊಂಡ ಮೇಕೆಯನ್ನು ಕರೆಯುವ ದನಿಯಲ್ಲಿ, ‘ಆಮೆನ್!’ ಎಂದಳು.

ಕುಂಚಗಳು ಮರುಕ್ಷಣವೇ ಓಡಿದವು. ‘ಆಮೆನ್, ಆಮೆನ್’ ಎನ್ನುತ್ತಲೇ ಗಂಡಸರು ಓಡಿದರು. ಎದುರುಮನೆಯ ಮುದುಕ ನೀರಿನ ಬಿಂದಿಗೆಯೊಡನೆ ಜಗಲಿಯಿಂದ ಧುಮುಕಿದ. ಅವನ ಹಿಂದೆ ಬೀದಿಯೆಲ್ಲ ಬಂತು. ಯಾರು ವಿಶ್ವಾಸಿ, ಯಾರು ಅಲ್ಲ ಎಂದು ವಿಂಗಡಿಸಲು ಆಗದಷ್ಟು ಗಲಾಟೆ. ಹಾಸು ಬಹುಪಾಲು ಉಳಿಯಿತು. ಬಿಸಿಲು ಬಿದ್ದ ತುದಿ ಮಾತ್ರ ಅಂಟಿಹೋಯಿತು. ಅದನ್ನು ಅತ್ತೆ ಆಮೇಲೆ ಉಗುರಿನಲ್ಲಿ ಎಳೆ ಎಳೆಯಾಗಿ ಬಿಡಿಸಬೇಕಾಯಿತು. ಬೀದಿಯ ನಡುವೆ ಹಿರಿಯರು ಮೇಲೆತ್ತಿದ ಕೈ ಇಳಿಸದೆ ನಿಂತಿದ್ದರು. ಇಸ್ರಾಯೇಲ್ಯರು ಮರುಭೂಮಿಯಲ್ಲೇ ಉಳಿದರು.

ಇಷ್ಟಕ್ಕೆ ನಕ್ಕು ಸುಮ್ಮನಾಗಬಹುದಿತ್ತು. ಬೀದಿ ನಕ್ಕಿತು. ಸಭೆಗೆ ನಗು ಬರಲಿಲ್ಲ. ಮುಂದಿನ ಭಾನುವಾರ ಹಿರಿಯರು ಎದ್ದು ನಿಂತು, ದೇವರ ಸನ್ನಿಧಿಯಲ್ಲಿ ನಡೆಯುತ್ತಿದ್ದ ಪ್ರಾರ್ಥನೆಯನ್ನು ಲೌಕಿಕ ಕಾರಣಕ್ಕಾಗಿ ತುಂಡರಿಸಿದ ಸಹೋದರಿ ಸಭೆಯ ಮುಂದೆ ತಪ್ಪೊಪ್ಪಿಕೊಳ್ಳುವವರೆಗೆ ಕರ್ತನ ಭೋಜನಕ್ಕೆ ಕೈ ಚಾಚತಕ್ಕದ್ದಲ್ಲವೆಂದೂ, ಪ್ರಾರ್ಥಿಸುವವರು ಹೇಳುವ ಮೊದಲು ಬೇರೆ ಯಾರೂ ಆಮೆನ್ ಹೇಳತಕ್ಕದ್ದಲ್ಲವೆಂದೂ ಪ್ರಕಟಿಸಿದರು. ಹೇಳಿದವರಿಗೆ ಇದೇ ಶಿಕ್ಷೆ.

ಅತ್ತೆ ಕೂತಲ್ಲಿಂದಲೇ ಕೇಳಿದಳು: ‘ಯಾವ ತಪ್ಪಿಗೆ ಮನ್ನಾಪು ಕೇಳ್ಬೇಕು?’

‘ನನ್ನ ಜೆಬದ ನಡುವೆ ಆಮೆನ್ ಅಂದದ್ದಕ್ಕೆ.’

‘ನೀವು ದೇವರನ್ನ ಕೇಳ್ಕೊಂಡಿದ್ದಕ್ಕೆಲ್ಲಾ ಅಂಗೇ ಆಗ್ಲಿ ಅಂದೆ. ಆಗ್ದೆ ಓಗ್ಲಿ ಅನ್ಬೇಕಿತ್ತಾ?’

‘ಜೆಬ ಮುಗಿದಿರಲಿಲ್ಲ!’

‘ಸ್ವಾಮಿಗೆ ಗೊತ್ತಾಗಿತ್ತು,’ ಎಂದಳು ಅತ್ತೆ.

ಅಲ್ಲಿಗೆ ಅವಳ ಅಪರಾಧ ಇಮ್ಮಡಿಯಾಯಿತು.

ನಾನು ಕೇಳುತ್ತೇನೆ. ಆರಾಧನೆಗೆ ಹಾಸಿದ ಆ ಚಾಪೆಗಳ ಮೇಲೆ ಯಾರ್ಯಾರು ಕೂತಿದ್ದರು? ಹೆಂಡತಿಗೆ ಹೊಡೆದು ಅವಳ ಕೈಯಲ್ಲೇ ಬಿಸಿನೀರು ಹಾಕಿಸಿಕೊಂಡು ಬಂದವನಿದ್ದ. ತಮ್ಮನ ಬೇಲಿಯನ್ನು ಪ್ರತಿ ಮಳೆಗಾಲ ಅಂಗೈಯಗಲ ಸರಿಸುತ್ತಿದ್ದವನಿದ್ದ. ಅವರಿಗೆಲ್ಲ ರೊಟ್ಟಿಯುಂಟು, ದ್ರಾಕ್ಷಾರಸವುಂಟು. ಬೆಳಗಿನಿಂದ ಬೈಗಿನವರೆಗೆ ದೇವರನ್ನು ಮಾತಿಗೆಳೆಯುತ್ತ ಬದುಕಿದ ಹೆಂಗಸಿಗೆ ಇಲ್ಲ, ಏಕೆಂದರೆ ಅವಳು ದೇವರ ಮಾತನ್ನಲ್ಲ, ನಿವೃತ್ತ ಮೇಸ್ತ್ರಿಯೊಬ್ಬರ ಮಾತನ್ನು ಅರ್ಧಕ್ಕೆ ನಿಲ್ಲಿಸಿದ್ದಳು. ಎರಡಕ್ಕೂ ವ್ಯತ್ಯಾಸವಿದೆ ಎಂದು ಅಲ್ಲಿ ಒಬ್ಬರೂ ಹೇಳಲಿಲ್ಲ. ಪಾದ್ರಿಗಳಿಗೆ ನಾನೇ ಹೋಗಿ ಹೇಳಿದೆ. ಒಳ್ಳೆಯ ಮನುಷ್ಯ. ‘ಶಾಂತಿಯಿಂದ ತೀರ್ಮಾನವಾಗಲಿ ತಂಬಿ,’ ಎಂದರು. ಶಾಂತಿಯಿಂದ ಎಂದರೆ ತಮ್ಮ ಬಸ್ಸು ತಪ್ಪದ ಹಾಗೆ.

ಕರ್ತನ ಭೋಜನದ ಭಾನುವಾರ ಬಂತು. ಅತ್ತೆ ಬರುವುದಿಲ್ಲವೆಂದೇ ಎಲ್ಲರ ಎಣಿಕೆ. ಅವಳು ಬೇಗ ಹೋಗಿ ಕಿಟಕಿಯ ಕೆಳಗಿನ ತನ್ನ ಜಾಗದಲ್ಲಿ ಕೂತಿದ್ದಳು. ಅಲ್ಲೇ ಗಂಡಸರ ಸಾಲು ಶುರುವಾಗುವುದರಿಂದ ನಾನು ಅವಳ ಪಕ್ಕಕ್ಕೇ ಕೂತೆ. ಪಾದ್ರಿಗಳು ರೊಟ್ಟಿ ಮುರಿದರು, ಹಿರಿಯರು ತಟ್ಟೆ ಹಿಡಿದು ಸಾಲಾಗಿ ಬಂದರು. ಅತ್ತೆಯ ಮುಂದೆ ಅವರ ಪಾದಗಳು ಒಂದು ಕ್ಷಣ ನಿಂತವು. ಅವಳು ಅಂಗೈ ಜೋಡಿಸಿ ಹಿಡಿದಿದ್ದಳು. ಪಾದಗಳು ಮುಂದೆ ಹೋದವು. ತಟ್ಟೆ ನನ್ನ ಮುಂದೆ ಬಂತು.

ನಾನು ಕೈ ಚಾಚಲಿಲ್ಲ. ಅತ್ತೆ ನನ್ನ ತೊಡೆ ಚಿವುಟಿದಳು.

‘ತಗೋ.’

‘ನಿನಗಿಲ್ಲದ್ದು ನನಗೆ ಬೇಡ.’

‘ಅವರು ಕೊಡ್ತಾವ್ರೆ ಅಂದ್ಕೊಂಡ್ಯೇನ್ರಾ? ಅವರದ್ದಲ್ಲ ಅದು. ತಗೋ.’

ತೆಗೆದುಕೊಂಡೆ. ಜೀವಮಾನದಲ್ಲಿ ಅಷ್ಟು ಚಿಕ್ಕ ತುಣುಕನ್ನು ಅಷ್ಟು ಕಷ್ಟಪಟ್ಟು ನುಂಗಿಲ್ಲ.

ಮನೆಗೆ ಬಂದ ಮೇಲೆ ನಾನು ಕೂಗಾಡಿದೆ. ಗಾಂಧಿಪುರಂ ಹತ್ತಿರ ದೊಡ್ಡ ಚರ್ಚು ಇದೆ, ಯಾರಿಗೂ ಯಾರ ಪರಿಚಯವೂ ಇಲ್ಲ, ಕೈ ಚಾಚಿದವರಿಗೆಲ್ಲ ಕೊಡುತ್ತಾರೆ, ಅಲ್ಲಿಗೆ ಬಾ ಎಂದೆ. ಅತ್ತೆ ಅಂಟಿದ ನೂಲನ್ನು ಬಿಡಿಸುತ್ತ ಕೂತಿದ್ದಳು.

‘ಇವರು ಆಮೆನ್‌ಗೆ ಅಳತೆ ಇಟ್ಟವ್ರೆ ಅಂತ ನಾನು ಕೂರೋ ಜಾಗ ಬಿಟ್ಟು ಓಗ್ಲಾ?’

‘ಹಾಗಾದರೆ ಒಂದು ಮಾತು ತಪ್ಪಾಯಿತು ಅಂದುಬಿಡು. ಮುಗಿಯಲಿ.’

‘ಸುಳ್ಳು ಯೋಳಿ ಆ ರೊಟ್ಟಿ ತಿನ್ಲಾ?’

ಅವಳು ಒಂದು ಎಳೆಯನ್ನು ಪೂರ್ತಿ ಬಿಡಿಸಿ, ಬೆರಳಿಗೆ ಸುತ್ತಿಕೊಂಡು, ನನ್ನ ಕಡೆ ನೋಡದೆ ಹೇಳಿದಳು: ‘ಊಟ ಇಲ್ದೆ ಇದ್ದು ಗೊತ್ತು. ಇದು ಇಲ್ದೆ ಇರಕ್ಕಾಗ್ತಾ ಇಲ್ಲ ಕಣ್ರಾ. ಆ ಕಾಲು ನಿಂತ್ವಲ್ಲ, ಕೊಡ್ತಾರೆ ಅಂದ್ಕೊಂಡೆ.’

ಅವಳು ಅತ್ತಿದ್ದರೆ ಚೆನ್ನಾಗಿತ್ತು. ಅಳಲಿಲ್ಲ. ಮಗ್ಗದ ಗುಂಡಿಗೆ ಇಳಿದು ಸ್ವಾಮಿಯೊಡನೆ ಮಾತಿಗೆ ಶುರುಮಾಡಿದಳು. ಮಾಮೂಲಿನ ಸುದ್ದಿಯೇ, ಎದುರುಮನೆಯ ಸೊಸೆ, ಮಳೆ, ಸೊಂಟ. ಹಿರಿಯರ ಹೆಸರು ಅದರಲ್ಲಿ ಬಂತು, ಅವರ ಕೆಮ್ಮು ವಾಸಿಯಾಗಲಿ ಎಂದು. ಅದನ್ನು ಕೇಳಿ ನನ್ನ ಕೋಪ ನೆತ್ತಿಗೇರಿತು.

ಮುಂದಿನ ತಿಂಗಳ ಆರಾಧನೆಗೂ ಅವಳು ಅದೇ ಕಿಟಕಿಯ ಕೆಳಗೆ ಕೂತಳು. ಅವತ್ತು ಕರ್ತನ ಭೋಜನಕ್ಕೆ ಮುಂಚಿನ ಪ್ರಾರ್ಥನೆ ಹಿರಿಯರದು. ಕೆಮ್ಮು ವಾಸಿಯಾಗಿತ್ತು, ದೇವರು ಅತ್ತೆಯ ಮಾತು ಕೇಳಿದ್ದ, ಅದರ ಫಲ ನಾವೆಲ್ಲ ಅನುಭವಿಸಿದೆವು. ಹೊರಗೆ ಬಿಸಿಲು ಬೆಳ್ಳಗೆ ಕುದಿಯುತ್ತಿತ್ತು. ಸೃಷ್ಟಿಯಾಯಿತು, ಜಲಪ್ರಳಯವಾಯಿತು. ಮಕ್ಕಳು ಒಂದರ ಮೇಲೊಂದು ಒರಗಿ ನಿದ್ದೆ ಹೋದರು. ಪಾದ್ರಿಗಳು ಮೇಜಿನ ಹಿಂದೆ ನಿಂತು, ಕಣ್ಣು ಮುಚ್ಚಿಯೂ ಕೈಗಡಿಯಾರ ನೋಡುವ ವಿದ್ಯೆಯನ್ನು ಅಭ್ಯಾಸ ಮಾಡುತ್ತಿದ್ದರು. ಇಸ್ರಾಯೇಲ್ಯರು ಮತ್ತೆ ಐಗುಪ್ತದಿಂದ ಹೊರಟು ಮರುಭೂಮಿಯ ಅಂಚಿಗೆ ಬಂದರು. ಹಿರಿಯರು ಉಸಿರೆಳೆದುಕೊಂಡರು.

‘ಆಮೆನ್.’

ಗಟ್ಟಿಯಾಗಿ ಅಲ್ಲ, ಮೆಲ್ಲಗೆ, ಆದರೆ ಸ್ಪಷ್ಟವಾಗಿ. ಎಲ್ಲರೂ ಅತ್ತೆಯ ಕಡೆ ತಿರುಗಿದರು. ಅತ್ತೆಯೂ ತಿರುಗಿ ನೋಡುತ್ತಿದ್ದಳು, ಹೆಂಗಸರ ಮೊದಲ ಸಾಲಿನತ್ತ. ಅಲ್ಲಿ ಹಿರಿಯರ ಹೆಂಡತಿ ಸೆರಗನ್ನು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡು, ನೆಟ್ಟಗೆ ಮುಂದೆ ನೋಡುತ್ತ ಕೂತಿದ್ದಳು. ಮದುವೆಯಾದಂದಿನಿಂದ ಕೇಳಿಸಿಕೊಂಡು ಬಂದ ಪ್ರಾರ್ಥನೆಗೆ ಅವಳು ತನ್ನ ಕೊನೆಯ ಮಾತು ಹೇಳಿಯಾಗಿತ್ತು. ಆಮೇಲೆ ಹೆಂಗಸರ ಕಡೆಯಿಂದ ಇನ್ನೊಂದು ಆಮೆನ್, ಹಿಂದಿನಿಂದ ಮತ್ತೊಂದು. ಕೊನೆಗೆ ಹಾಸಿನ ದಿನ ಕುಂಚ ಹಿಡಿದಿದ್ದ ಗಂಡಸರೂ ಸೇರಿ ಸಭೆಯವರೆಲ್ಲ ಮಾಡು ನಡುಗುವಂತೆ ಆಮೆನ್ ಎಂದರು.

ಹಿರಿಯರ ಬಾಯಿ ತೆರೆದೇ ಇತ್ತು. ಅವರದೇ ಕಾಯಿದೆಯ ಪ್ರಕಾರ ಈಗ ರೊಟ್ಟಿಗೆ ಅರ್ಹರಾಗಿ ಉಳಿದವರು ಅವರೊಬ್ಬರು, ಮತ್ತು ನಿದ್ದೆ ಹೋಗಿದ್ದ ಮಕ್ಕಳು.

ಪಾದ್ರಿಗಳಿಗೆ ಧೈರ್ಯ ಬಂದದ್ದು ಆಗ. ತಟ್ಟೆಯನ್ನು ಹಿರಿಯರ ಕೈಗೆ ಕೊಡದೆ ತಾವೇ ಎತ್ತಿಕೊಂಡು ಹೆಂಗಸರ ಕಡೆಗೆ ನಡೆದರು. ಹಿರಿಯರ ಹೆಂಡತಿಗೆ ಕೊಟ್ಟರು. ಸಾಲು ದಾಟಿ ಕಿಟಕಿಯ ಕೆಳಗೆ ಬಂದರು. ಅತ್ತೆ ಅಂಗೈ ಜೋಡಿಸಿದ್ದಳು, ಆದರೆ ಕಣ್ಣು ಎತ್ತಲಿಲ್ಲ. ಆ ಪಾದಗಳನ್ನೇ ನೋಡುತ್ತಿದ್ದಳು, ನಿಲ್ಲುತ್ತವೆಯೋ ಹೋಗುತ್ತವೆಯೋ ಎಂದು. ನಿಂತವು. ‘ತಗೊಳ್ಳಮ್ಮಾ,’ ಎಂದು ಪಾದ್ರಿಗಳು ತಮಿಳಿನಲ್ಲಿ ಹೇಳಿದರು. ಅವಳು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು. ಅವಳು ಕಣ್ಣು ಮುಚ್ಚಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅನ್ಯಾಯ ಇಲ್ಲಿಗೆ ಮುಗಿಯಲಿಲ್ಲ. ತಪ್ಪಾಯಿತು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಕಾಯಿದೆಯನ್ನು ಯಾರೂ ರದ್ದು ಮಾಡಲಿಲ್ಲ, ಮರೆತಂತೆ ನಟಿಸಿದರು. ಹಿರಿಯರಂತೂ, ಆ ಸಹೋದರಿಯನ್ನು ತಾವು ಕ್ರಿಸ್ತನ ಹೆಸರಿನಲ್ಲಿ ಕ್ಷಮಿಸಿದ್ದಾಗಿ ಮನೆಮನೆಗೆ ಹೋಗಿ ಹೇಳಿದರು. ಈ ಸುದ್ದಿ ನನಗೆ ಮುಟ್ಟಿದಾಗ ನಾನು ಚಪ್ಪಲಿ ಮೆಟ್ಟಿಕೊಂಡು ಅವರ ಮನೆಗೆ ಹೊರಟಿದ್ದೆ. ಅತ್ತೆ ಬಾಗಿಲಲ್ಲಿ ತಡೆದಳು.

‘ಎಲ್ಲಿಗ್ರಾ?’

‘ಅವರು ನಿನ್ನನ್ನು ಕ್ಷಮಿಸಿದ್ದಾರಂತೆ!’

‘ಕ್ಷಮಿಸ್ಲಿ ಬಿಡು. ಯಾರನ್ನೋ ಒಬ್ರನ್ನ ಕ್ಷಮಿಸಿ ಅಭ್ಯಾಸ ಆಗ್ಲಿ. ಕೈ ಖಾಲಿ ಐತೆ ಅಂದ್ರೆ ಬಾ, ಎದುರುಮನೇರು ಪಾವು ಎಳೀತವ್ರೆ.’

ಪಾವು ಎಂದರೆ ಹಾಸು. ಎದುರಿಗೆ ಕವೆಗೋಲು ನೆಟ್ಟಾಗಿತ್ತು, ಕರ್ಪೂರ ಉರಿಯುತ್ತಿತ್ತು. ಅತ್ತೆ ಜಗಲಿಯ ಮೇಲೆ ಕೂತು ಕಾದಳು. ಅವಳ ಪಕ್ಕದಲ್ಲಿ ಹಿರಿಯರ ಹೆಂಡತಿಯೂ ಬಂದು ಕೂತಿದ್ದಳು. ಕರ್ಪೂರ ಆರಿತು, ಮುದುಕ ಕೂಗಿದ, ‘ಅಕ್ಕಂದಿರಾ, ನಮ್ಮದಾಯ್ತು, ಬನ್ನಿ!’ ಇಬ್ಬರೂ ಇಳಿದು ಹೋದರು.

ಅತ್ತೆ ಎಲ್ಲರನ್ನೂ ಅವತ್ತೇ ಕ್ಷಮಿಸಿಬಿಟ್ಟಿದ್ದಳು. ಅದರಿಂದ ಕೋಪ ಮಾಡಿಕೊಳ್ಳುವ ಕೆಲಸವೆಲ್ಲ ನನ್ನೊಬ್ಬನ ಪಾಲಿಗೆ ಉಳಿಯಿತು. ಭಕ್ತಿಯಲ್ಲಿ ನಾನು ಅವಳ ಕಾಲಿನ ಧೂಳಿಗೂ ಸಮನಲ್ಲ. ಆದರೆ ಈ ಕೋಪದ ಕೆಲಸವೊಂದನ್ನು ಮಾತ್ರ ಇವತ್ತಿನವರೆಗೆ ಒಂದು ದಿನವೂ ಬಿಡದೆ ನಿಷ್ಠೆಯಿಂದ ನಡೆಸಿಕೊಂಡು ಬಂದಿದ್ದೇನೆ.